ಜುರಾಲಾ ಗೇಟಿನ ಮೀನು, ಪ್ರಯೋಗಾಲಯದ ಕಪ್ಪುಕುಳಿ

(ಧರೂರಿನಲ್ಲಿ ಯುವಕರ ಮುಂದೆ ಆಡಿದ ಮಾತಿನ ಬರಹರೂಪ)

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಕ್ಕ ಬರೆಯೋನು. ಕಪ್ಪುಕುಳಿ ಬಗ್ಗೆ ಇವನೇನು ಹೇಳ್ತಾನ ಅನ್ನಬೇಡ್ರಿ, ಇದರಾಗೂ ಒಂದು ಲೆಕ್ಕ ಐತಿ.

ಕಪ್ಪುಕುಳಿಯಿಂದ ಬೆಳಕು ಸಹ ಹೊರಗೆ ಬರೋದಿಲ್ಲ. ಆದರೂ ಅದು ಸಣ್ಣಗೆ ಕಾವು ಸೂಸುತ್ತದೆ ಎಂದು 1974ರಲ್ಲಿ ಸ್ಟೀಫನ್ ಹಾಕಿಂಗ್ ಲೆಕ್ಕ ಹಾಕಿದರು. ಪರೀಕ್ಷೆ ಮಾಡೋದು ಹೆಂಗ? ಸೂರ್ಯನಷ್ಟು ತೂಕದ ಕಪ್ಪುಕುಳಿಯ ಕಾವು ಒಂದು ಕೆಲ್ವಿನ್‌ನ ಕೋಟಿಯಲ್ಲೊಂದು ಪಾಲೂ ಇಲ್ಲ. ಬರೀ ಆಕಾಶದ ಕಾವೇ 2.7 ಕೆಲ್ವಿನ್. ಸಂತೆಯ ಗದ್ದಲದಾಗ ಪಿಸುಮಾತು ಕೇಳಿದಂಗ.

ನಮ್ಮ ಜುರಾಲಾ ಡ್ಯಾಮಿನ ಗೇಟು ಎತ್ತಿದಾಗ ನೋಡ್ರಿ. ಗೇಟಿನ ಹತ್ತಿರ ಬಂದಂಗ ನೀರಿನ ಓಟ ಜೋರು. ದೂರದ ಮೀನು ಎದುರೀಜಿ ಪಾರಾಗಬಹುದು. ಒಂದು ಗೆರೆ ದಾಟಿತೋ, ನೀರಿನ ವೇಗವೇ ಹೆಚ್ಚು, ವಾಪಸ್ ಬರಂಗಿಲ್ಲ. ಮೀನಿನ ಜಾಗದಲ್ಲಿ ಶಬ್ದ ಇಡ್ರಿ. ಶಬ್ದಕ್ಕಿಂತ ಜೋರಾಗಿ ಹರಿಯುವ ದ್ರವ ಶಬ್ದಕ್ಕೆ ಕಪ್ಪುಕುಳಿ ಇದ್ದಂಗ. ಹಾಕಿಂಗರ ಗಣಿತ ಅಲ್ಲೂ ನಡೆಯುತ್ತದೆ ಎಂದು 1981ರಲ್ಲಿ ವಿಲಿಯಂ ಅನ್ರೂ ತೋರಿಸಿದರು.

ಆದರೆ ಮಾಮೂಲಿ ನೀರಿನ ಬಿಸಿಯಲ್ಲಿ ಆ ಸಣ್ಣ ಶಬ್ದ ಮುಳುಗಿಹೋಗುತ್ತದೆ. ಅದಕ್ಕೆ ಅತಿಶೀತಲ ಅನಿಲ ಬೇಕು. ಸತ್ಯೇಂದ್ರನಾಥ ಬೋಸರ 1924ರ ಲೇಖನ ಹಿಡಿದು ಐನ್‌ಸ್ಟೈನ್ ಊಹಿಸಿದ, ಪರಮಾಣುಗಳೆಲ್ಲ ಒಂದೇ ಅಲೆಯಾಗಿ ನಡೆಯುವ ಸ್ಥಿತಿ ಅದು. ಅದು 1995ರಲ್ಲಿ ಅಮೆರಿಕದಲ್ಲಿ ಕೈಗೂಡಿತು. ಅದರೊಳಗೆ ಶಬ್ದ ಸೆಕೆಂಡಿಗೆ ಕೆಲವೇ ಮಿಲಿಮೀಟರ್ ಹೋಗುತ್ತದೆ, ಇರುವೆಗಿಂತ ನಿಧಾನ!

ಇಸ್ರೇಲಿನ ಟೆಕ್ನಿಯನ್ ಸಂಸ್ಥೆಯ ಜೆಫ್ ಸ್ಟೈನ್‌ಹಾವರ್ ಸುಮಾರು 8,000 ರುಬಿಡಿಯಂ ಪರಮಾಣುಗಳನ್ನು ಲೇಸರ್ ಬೆಳಕಿನಿಂದ ಹಂಗೇ ಹರಿಸಿದರು. ಇಲ್ಲೇ ನಮ್ಮ ಬ್ಯಾಂಕಿನ ಲೆಕ್ಕ ಬರೋದು. ಹಾಕಿಂಗ್ ಪ್ರಕಾರ ಅಲೆಗಳು ಜೋಡಿಯಾಗಿ ಹುಟ್ಟುತ್ತವೆ: ಒಂದು ಗೆರೆಯ ಹೊರಗೆ, ಒಂದು ಒಳಗೆ. ಒಂದು ಕಡೆ ಡೆಬಿಟ್, ಇನ್ನೊಂದು ಕಡೆ ಕ್ರೆಡಿಟ್. ಒಂದು ಫೋಟೋದಲ್ಲಿ ಅದು ಕಾಣೋದಿಲ್ಲ. ಸಾವಿರಾರು ಸಲ ತಾಳೆ ನೋಡಬೇಕು. 2016ರಲ್ಲಿ ಜೋಡಿ ಸಿಕ್ಕಿದ್ದನ್ನು ಪ್ರಕಟಿಸಿದರು. 2019ರಲ್ಲಿ ಕಾವಿನ ಲೆಕ್ಕವೂ ಕೂಡಿತು. 2021ರ ವರದಿಗೆ ಅದೇ ಪ್ರಯೋಗ 97,000 ಸಲ ಮಾಡಿದ್ದರು.

ಹಂಗಂತ ರುಬಿಡಿಯಂ ಮೋಡ ಕಪ್ಪುಕುಳಿ ಅಲ್ಲ. ಗಣಿತ ಒಂದೇ, ಸರಕು ಬೇರೆ. ಆಕಾಶದ ಸಾಕ್ಷಿ ಇನ್ನೂ ಬರಬೇಕು. ಕೆಣಕಿದ ಕಪ್ಪುಕುಳಿ ಗಂಟೆಯಂತೆ ಮಿಡಿದು ಸುಮ್ಮನಾಗುತ್ತದೆ ಎಂದು ಬೆಂಗಳೂರಿನ ಸಿ.ವಿ. ವಿಶ್ವೇಶ್ವರ 1970ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಆ ಮಿಡಿತದ ಗುರುತು ಲೈಗೊ ಯಂತ್ರಕ್ಕೆ ಸಿಕ್ಕಿದ್ದು 2015ರಲ್ಲಿ. ಸರಿಯಾದ ಲೆಕ್ಕ 45 ವರ್ಷ ಬೇಕಾದರೂ ಕಾಯತೈತಿ. ಮುಂದಿನ ತಾಳೆ ನೋಡೋರು ನಿಮ್ಮೊಳಗೇ ಯಾರಾದರೂ ಯಾಕಾಗಬಾರದು?