ಜೋಲಿಗೊಂದು ಅಡಿಗೌದಿ



ಉಷ್ಣತೆ 20 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ಹೊತ್ತಿಗೇ, ಮರಗಳ ನಡುವೆ ಜೋಲಿ ಕಟ್ಟಿ ಮಲಗಿದವನ ಬೆನ್ನಿಗೆ ಕೆಳಗಿನಿಂದ ಚಳಿ ಹತ್ತುತ್ತದೆ. ಹೊದಿಕೆಯ ನಾರುಗಳ ನಡುವೆ ನಿಂತ ಗಾಳಿಯೇ ಮೈಯ ಶಾಖವನ್ನು ಕಾಯುತ್ತದೆ. ಮೈಭಾರಕ್ಕೆ ಅದುಮಿದ ಕಂಬಳಿಯಲ್ಲಿ ಅದು ಉಳಿಯದು. ಆದುದರಿಂದ ಕೌದಿಯನ್ನು ಜೋಲಿಯ ಹೊರಗೆ, ಅಡಿಯಲ್ಲಿ ತೂಗುಹಾಕಬೇಕು. ಸಂದು ಬಿಟ್ಟರೆ ತಣ್ಣನೆಯ ಗಾಳಿ ನುಗ್ಗುತ್ತದೆ. ಅತಿಯಾಗಿ ಬಿಗಿದರೆ ಕೌದಿ ಚಪ್ಪಟೆಯಾಗುತ್ತದೆ.

ಹಕ್ಕಿಯ ಮೃದುಗರಿಯ ಕೌದಿ ಹಗುರ, ಆದರೆ ನೆನೆದರೆ ಮುದ್ದೆಯಾಗುತ್ತದೆ. ಇಬ್ಬನಿಯ ಮಲೆನಾಡಿಗೆ ಕೃತಕ ನಾರಿನದೇ ಲೇಸು. ಮೊಣಕಾಲಿನವರೆಗಿನ ಗಿಡ್ಡ ಕೌದಿಯಿಂದ ಹೊರೆ ಇಳಿಯುತ್ತದೆ. ಆಗ ಪಾದದಡಿಗೆ ಫೋಮ್ ಚಾಪೆಯ ತುಂಡು ಬೇಕು.

ಬೆನ್ನು ಬೆಚ್ಚಗಿದ್ದವನಿಗೆ ನಡುರಾತ್ರಿ ಬೆಂಕಿ ಹಾಕುವ ಅಗತ್ಯ ಬೀಳದು. ಬೇಸಗೆಯತ್ತ ಒಣಗುತ್ತಿರುವ ಹುಲ್ಲುಗುಡ್ಡ ಹೊತ್ತಿಕೊಳ್ಳಲು ಒಂದೇ ಕಿಡಿ ಸಾಕೆಂಬುದನ್ನು ಶಿಬಿರಾರ್ಥಿಗಳು ಮರೆಯಬಾರದು.