ಯಂತ್ರ ಬರೆದ ಫಲಿತಾಂಶ ಪಟ್ಟಿ

(ಸುವರ್ಣ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಹಳೆಯ ವಿದ್ಯಾರ್ಥಿಗಳ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನೀನು ಮಾಡುವ ಕೆಲಸ ಏನೆಂದು ಹತ್ತನೇ ತರಗತಿಯವರಿಗೆ ತಿಳಿಯುವಂತೆ ಹೇಳು ಎಂದು ಮುಖ್ಯೋಪಾಧ್ಯಾಯರು ಅಪ್ಪಣೆ ಮಾಡಿದ್ದಾರೆ. ನನ್ನದೂ ಪರೀಕ್ಷೆ ಮಾಡುವ ಕೆಲಸವೇ. ನೀವು ಮೊಬೈಲಿನಲ್ಲಿ ತೆರೆಯುವ ಜಾಲತಾಣಗಳು ಸರಿಯಾಗಿ ನಡೆಯುತ್ತವೆಯೇ ಎಂದು ನೋಡಬೇಕು. ಆದರೆ ಕೂತು ಒಂದೊಂದೇ ಗುಂಡಿ ಒತ್ತುವುದಿಲ್ಲ. ಬ್ರೌಸರನ್ನು ತೆರೆದು, ಹೆಸರು ಟೈಪ್ ಮಾಡಿ, ಗುಂಡಿ ಒತ್ತಿ, ಬಂದ ಉತ್ತರವನ್ನು ತಾಳೆ ನೋಡುವ ಪ್ರೋಗ್ರಾಂ ಬರೆಯುತ್ತೇವೆ. ಇದಕ್ಕೆ ಬಳಸುವ ಸೆಲೆನಿಯಂ ಎಂಬ ಸಾಧನ 2004ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಜೇಸನ್ ಹಗ್ಗಿನ್ಸ್ ಅವರಿಂದ ಶುರುವಾಯಿತು. ಆಗ ಈ ಕ್ಷೇತ್ರದಲ್ಲಿ ಮರ್ಕ್ಯುರಿ ಎಂಬ ದೊಡ್ಡ ಕಂಪನಿ ಇತ್ತು. ಪಾದರಸದ ವಿಷಕ್ಕೆ ಸೆಲೆನಿಯಂ ಮದ್ದು ಎಂಬ ತಮಾಷೆಯಿಂದ ಈ ಹೆಸರು ಬಂತು.

ರಾತ್ರಿಯೆಲ್ಲ ಯಂತ್ರ ನೂರಾರು ಪರೀಕ್ಷೆ ನಡೆಸುತ್ತದೆ. ಆಗ ಅಲ್ಲಿ ಯಾರೂ ಇರುವುದಿಲ್ಲ. ಬೆಳಿಗ್ಗೆ ಬಂದವರ ಕೈಗೆ ಸಿಗುವುದು ವರದಿ ಮಾತ್ರ. ಪರೀಕ್ಷೆ ಎಷ್ಟೇ ಚೆನ್ನಾಗಿದ್ದರೂ ವರದಿ ಅರ್ಥವಾಗದಿದ್ದರೆ ಅದು ನಡೆದೂ ನಡೆಯದಂತೆಯೇ.

ವರದಿ ಬರೆಯುವ ಒಂದು ಹಳೆಯ ಪದ್ಧತಿ ಪರ್ಲ್ ಭಾಷೆಯ ಜೊತೆ 1987ರಲ್ಲಿ ಹುಟ್ಟಿತು. ಅದಕ್ಕೆ ಈಗ ಟ್ಯಾಪ್ ಎನ್ನುತ್ತಾರೆ. ತೀರಾ ಸರಳ. ಮೊದಲ ಸಾಲು ‘1..40’, ಅಂದರೆ ನಲವತ್ತು ಪರೀಕ್ಷೆಗಳಿವೆ. ಆಮೇಲೆ ಸಾಲಿಗೊಂದರಂತೆ ‘ಓಕೆ 1’, ‘ನಾಟ್ ಓಕೆ 2’. ಮೊದಲೇ ನಲವತ್ತು ಎಂದು ಹೇಳಿರುವುದೇ ಇದರ ಜಾಣತನ. ಮೂವತ್ತೇಳೇ ಸಾಲು ಬಂದರೆ, ಬಂದವೆಲ್ಲ ಓಕೆ ಆಗಿದ್ದರೂ, ಮೂರು ನಡೆದೇ ಇಲ್ಲ ಎಂದು ಗೊತ್ತಾಗುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಹುಡುಗ ಗೈರಾದದ್ದು ಯಾರಿಗೆ ತಿಳಿದೀತು?

ಈಗ ಹೆಚ್ಚು ಬಳಕೆಯಲ್ಲಿರುವುದು ಜೆಯೂನಿಟ್ ಮಾದರಿಯ ಎಕ್ಸ್‌ಎಂಎಲ್ ಕಡತ. ಅದರಲ್ಲಿ ‘ಫೇಲ್ಯೂರ್’, ‘ಎರರ್’, ‘ಸ್ಕಿಪ್ಡ್’ ಎಂದು ಮೂರು ಬೇರೆ ಬೇರೆ ಗುರುತುಗಳಿವೆ. ಉತ್ತರ ತಪ್ಪು ಬರೆದವನು, ಪ್ರಶ್ನೆಪತ್ರಿಕೆಯೇ ಬಾರದೆ ಬರೆಯಲಾಗದವನು, ಪರೀಕ್ಷೆಗೆ ಕೂರದವನು, ಈ ಮೂವರಿಗೂ ಸೊನ್ನೆ ಹಾಕಿದರೆ ನೀವು ಒಪ್ಪುತ್ತೀರಾ? (ಅಂದಹಾಗೆ, ನಮ್ಮಲ್ಲಿ ಇಡೀ ಓಟ ಮುಗಿದಾಗ ಪ್ರೋಗ್ರಾಂ ಸೊನ್ನೆ ಕೊಟ್ಟರೆ ಪಾಸ್! ಬೇರೆ ಯಾವ ಅಂಕಿ ಬಂದರೂ ಏನೋ ಕೆಟ್ಟಿದೆ ಎಂದರ್ಥ. ಗಣಿತದ ಮೇಷ್ಟ್ರು ಕ್ಷಮಿಸಬೇಕು.)

ಈಗ ನಮ್ಮ ಭಾಷೆಗೇ ಸಂಬಂಧಿಸಿದ ಒಂದು ಸಂಗತಿ. ಅರ್ಜಿ ತುಂಬುವ ಒಂದು ಜಾಲತಾಣವನ್ನು ನಮ್ಮ ತಂಡ ಪರೀಕ್ಷಿಸುತ್ತಿತ್ತು. ಬೆಳಗಿನ ವರದಿಯಲ್ಲಿ ಹೀಗಿತ್ತು:

ನಿರೀಕ್ಷಿಸಿದ್ದು: ಕೊಟ್ರೇಶ
ಸಿಕ್ಕಿದ್ದು: ಕೊಟ್ರೇಶ
ಫಲಿತಾಂಶ: ಫೇಲ್

ನಕ್ಕಿರಿ, ಅಲ್ಲಿಯೂ ಎಲ್ಲರೂ ನಕ್ಕರು. ಯಂತ್ರಕ್ಕೆ ಕನ್ನಡ ಬರುವುದಿಲ್ಲ, ಬಿಡಿ ಎಂದರು ಒಬ್ಬರು. ಆದರೆ ಯಂತ್ರ ಸುಳ್ಳು ಹೇಳಿರಲಿಲ್ಲ. ಯುನಿಕೋಡಿನಲ್ಲಿ ‘ಕೊ’ ಅಕ್ಷರವನ್ನು ಎರಡು ರೀತಿ ಬರೆಯಬಹುದು. ‘ಕ’ದ ಮುಂದೆ ಒಕಾರದ ಒಂದೇ ಚಿಹ್ನೆ ಇಡಬಹುದು, ಇಲ್ಲವೇ ಎಕಾರದ ಚಿಹ್ನೆ, ಊಕಾರದ ಚಿಹ್ನೆ ಎಂದು ಎರಡನ್ನು ಜೋಡಿಸಬಹುದು. ಕಣ್ಣಿಗೆ ಎರಡೂ ಒಂದೇ. ಎರಡನ್ನೂ ಸಮಾನವೆಂದೇ ಎಣಿಸಬೇಕು ಎನ್ನುತ್ತದೆ ಯುನಿಕೋಡ್. ಆದರೆ ಅದಕ್ಕಾಗಿ ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರಬೇಕು. ಆ ಜಾಲತಾಣ ತರುತ್ತಿರಲಿಲ್ಲ. ಹಾಗೇ ಬಿಡುಗಡೆಯಾಗಿದ್ದರೆ, ಶಾಲೆಯ ದಾಖಲೆಯಲ್ಲಿ ಒಂದು ರೀತಿ, ಅರ್ಜಿಯಲ್ಲಿ ಇನ್ನೊಂದು ರೀತಿ ಇರುವ ಮಗುವಿಗೆ ‘ನಿನ್ನ ಹೆಸರು ತಾಳೆಯಾಗುತ್ತಿಲ್ಲ’ ಎಂಬ ಉತ್ತರ ಬರುತ್ತಿತ್ತು. ಆ ಮಗು ಎಷ್ಟು ಸಲ ನೋಡಿದರೂ ತಪ್ಪು ಕಾಣುತ್ತಿರಲಿಲ್ಲ.

ಆಮೇಲೆ ವರದಿಯ ನಮೂನೆಯನ್ನೇ ಬದಲಿಸಿದೆವು. ಎರಡು ಪದಗಳು ಹೋಲಿಕೆಯಾಗದಿದ್ದಾಗ ಪ್ರತಿ ಚಿಹ್ನೆಯ ಯುನಿಕೋಡ್ ಸಂಖ್ಯೆಯನ್ನೂ ಕೆಳಗೆ ಅಚ್ಚು ಮಾಡುತ್ತದೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ‘ಟ್’ ಮತ್ತು ‘ವೇ’ ನಡುವೆ ಒತ್ತಕ್ಷರವಾಗದಂತೆ ತಡೆಯುವ ಕಣ್ಣಿಗೆ ಕಾಣದ ಅಕ್ಷರವೊಂದು ಇರುತ್ತದೆ. ಅದೂ ಈಗ ವರದಿಯಲ್ಲಿ ಕಾಣುತ್ತದೆ. ಜೊತೆಗೆ ಆ ಕ್ಷಣದ ಪರದೆಯ ಚಿತ್ರ. ಪುಟದೊಳಗಿನ ಪಠ್ಯ ಸರಿಯಿದ್ದೂ ಫಾಂಟ್ ಸರಿಯಿಲ್ಲದೆ ಒತ್ತಕ್ಷರ ಮುರಿದು ಬಿದ್ದಿದ್ದರೆ ಪಠ್ಯದ ಹೋಲಿಕೆಯಿಂದ ತಿಳಿಯುವುದಿಲ್ಲ, ಚಿತ್ರ ನೋಡಿದರೆ ತಿಳಿಯುತ್ತದೆ.

ಇನ್ನೊಂದು ಜಗಳ ನಮ್ಮಲ್ಲಿ ಮುಗಿಯದ್ದು. ಕೆಲವು ಪರೀಕ್ಷೆಗಳು ಒಮ್ಮೆ ಫೇಲ್, ಮತ್ತೆ ಓಡಿಸಿದರೆ ಪಾಸ್. ನೆಟ್ ನಿಧಾನವಿರಬಹುದು, ಪುಟ ತೆರೆಯುವ ಮೊದಲೇ ಗುಂಡಿ ಒತ್ತಿರಬಹುದು. ಇಂಥದ್ದನ್ನು ನೇರವಾಗಿ ಹಸಿರಿಗೆ ಸೇರಿಸಿದರೆ ವರದಿ ಚೆಂದ ಕಾಣುತ್ತದೆ, ಮೇಲಧಿಕಾರಿಗಳಿಗೂ ಸಂತೋಷ. ನನಗೆ ಒಪ್ಪಿಗೆಯಿಲ್ಲ. ಪ್ಲೇರೈಟ್ ಎಂಬ ಹೊಸ ಸಾಧನ ಇವನ್ನು ‘ಫ್ಲೇಕಿ’ ಎಂದು ಪ್ರತ್ಯೇಕವಾಗಿಯೇ ಎಣಿಸುತ್ತದೆ. ಅದು ಸರಿಯಾದ ಕ್ರಮ. ಬಳಸುವವನಿಗೂ ಹತ್ತರಲ್ಲಿ ಒಂದು ಸಲ ಕೈಕೊಟ್ಟೀತು. ಅವನ ಬಳಿ ‘ಮತ್ತೆ ಓಡಿಸು’ ಎಂಬ ಗುಂಡಿ ಇರುವುದಿಲ್ಲ.

ಎರಡು ವರದಿಗಳ ಪ್ರತಿ ತಂದಿದ್ದೇನೆ, ಕಂಪ್ಯೂಟರ್ ಕೊಠಡಿಯ ಮೇಜಿನ ಮೇಲಿವೆ. ಒಂದರಲ್ಲಿ ಮೊದಲ ಸಾಲು ‘1..25’ ಎಂದಿದೆ, ಎಲ್ಲ ಸಾಲುಗಳೂ ಓಕೆ. ಊಟದ ನಂತರ ಬಂದು ಎಣಿಸಿ ನೋಡಿ. ಯಾವುದು ಕಾಣೆಯಾಗಿದೆ ಎಂದು ಮೊದಲು ಹೇಳಿದವರ ಜೊತೆ ಮಾತಾಡಲು ನಾನು ಸಂಜೆಯವರೆಗೂ ಇಲ್ಲೇ ಇರುತ್ತೇನೆ.