ಗೋಲು ತಡೆಯುವವನ ಬದುಕು: ಜರ್ನೈಲ್ ಸಿಂಗ್

(ಭಾರತೀಯ ಫುಟ್‌ಬಾಲ್ ಇತಿಹಾಸ ಕುರಿತ ಉಪನ್ಯಾಸದ ಲಿಖಿತ ರೂಪ)



ಫುಟ್‌ಬಾಲ್ ಆಟದಲ್ಲಿ ಗೋಲು ಹೊಡೆದವನ ಹೆಸರು ಮರುದಿನದ ಪತ್ರಿಕೆಯಲ್ಲಿ ತಪ್ಪದೆ ಬರುತ್ತದೆ. ಗೋಲು ಆಗದಂತೆ ತಡೆದವನ ಹೆಸರು ಬರುವುದು ಅಪರೂಪ. ಹೊಡೆದ ಗೋಲಿಗೆ ಲೆಕ್ಕವಿದೆ. ತಪ್ಪಿಸಿದ ಗೋಲಿಗೆ ಲೆಕ್ಕವಿಲ್ಲ. ಹಿಂದಿನ ಸಾಲಿನ ಆಟಗಾರ ಎಂಬತ್ತೊಂಬತ್ತು ನಿಮಿಷ ಸರಿಯಾಗಿ ಆಡಿ ಒಂದು ನಿಮಿಷ ಎಡವಿದರೆ ಆ ಒಂದು ನಿಮಿಷವೇ ಜನರ ನೆನಪಿನಲ್ಲಿ ಉಳಿಯುತ್ತದೆ. ಇಂಥ ಲೆಕ್ಕವಿಲ್ಲದ ಕೆಲಸದಲ್ಲಿ ಹೆಸರು ಮಾಡಿದ ಕೆಲವೇ ಭಾರತೀಯರಲ್ಲಿ ಜರ್ನೈಲ್ ಸಿಂಗ್ ಧಿಲ್ಲೋನ್ ಮೊದಲ ಸಾಲಿನವರು. ಭಾರತ ಏಷ್ಯಾದ ಫುಟ್‌ಬಾಲಿನಲ್ಲಿ ತಲೆಯೆತ್ತಿ ನಿಂತಿದ್ದ ಒಂದು ದಶಕದ ಕಥೆ ಅವರ ಬದುಕಿನೊಂದಿಗೆ ಹೆಣೆದುಕೊಂಡಿದೆ.

ಜರ್ನೈಲ್ ಹುಟ್ಟಿದ್ದು 1936ರ ಫೆಬ್ರವರಿ 20ರಂದು, ಅವಿಭಜಿತ ಪಂಜಾಬಿನ ಲಯಲ್‌ಪುರ ಸೀಮೆಯಲ್ಲಿ. ಆ ಊರಿಗೆ ಈಗ ಫೈಸಲಾಬಾದ್ ಎಂದು ಹೆಸರು, ಅದು ಪಾಕಿಸ್ತಾನದಲ್ಲಿದೆ. 1947ರಲ್ಲಿ ದೇಶ ಒಡೆದಾಗ ಹುಡುಗನಿಗೆ ಹನ್ನೊಂದು ವರ್ಷ. ಹೊಲ, ಮನೆ, ನೆರೆಹೊರೆ ಎಲ್ಲವನ್ನೂ ಬಿಟ್ಟು ಗಡಿ ದಾಟಿ ಬಂದ ಲಕ್ಷಾಂತರ ಕುಟುಂಬಗಳಲ್ಲಿ ಅವರದೂ ಒಂದು. ಬಂದು ನೆಲೆಸಿದ್ದು ಹೋಶಿಯಾರ್‌ಪುರ ಜಿಲ್ಲೆಯ ಪನಾಮ್ ಎಂಬ ಹಳ್ಳಿಯಲ್ಲಿ. ಅಲ್ಲಿಗೆ ಸಮೀಪದ ಮಾಹಿಲ್‌ಪುರ ಪಂಜಾಬಿನ ಫುಟ್‌ಬಾಲ್ ತವರು. ಅಲ್ಲಿನ ಖಾಲ್ಸಾ ಕಾಲೇಜಿನ ಮೈದಾನದಲ್ಲಿ ಜರ್ನೈಲ್ ಆಟ ಕಲಿತರು. ಆಗ ಅವರು ಮುಂಚೂಣಿಯಲ್ಲೂ ಆಡುತ್ತಿದ್ದರು ಎಂಬುದನ್ನು ನೆನಪಿಡಬೇಕು. ಮುಂದೆ ಅದರಿಂದ ದೇಶಕ್ಕೇ ಉಪಯೋಗವಾಯಿತು.

ಆ ಕಾಲದ ಆಟಗಾರನಿಗೆ ಹೆಸರು ಬೇಕಿದ್ದರೆ ಕಲ್ಕತ್ತಕ್ಕೆ ಹೋಗಲೇಬೇಕಿತ್ತು. ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಮೊಹಮ್ಮಡನ್ ಸ್ಪೋರ್ಟಿಂಗ್ ಈ ಮೂರು ಕ್ಲಬ್ಬುಗಳು ದೇಶದ ಮೂಲೆಮೂಲೆಯಿಂದ ಆಟಗಾರರನ್ನು ಸೆಳೆಯುತ್ತಿದ್ದವು. ಬೆಂಗಳೂರಿನಿಂದಲೂ ಅನೇಕರು ಹೋದರು. ಅಹಮದ್ ಖಾನ್ ಮತ್ತು ಧನರಾಜ್ ಈಸ್ಟ್ ಬೆಂಗಾಲಿನ ಪ್ರಸಿದ್ಧ 'ಪಂಚ ಪಾಂಡವ'ರಲ್ಲಿ ಇಬ್ಬರು. ಜರ್ನೈಲ್ ಮೊದಲು ರಾಜಸ್ಥಾನ್ ಕ್ಲಬ್ಬಿಗೆ ಆಡಿ, 1959ರಲ್ಲಿ ಮೋಹನ್ ಬಾಗಾನ್ ಸೇರಿದರು. ಅಲ್ಲಿ ಅವರ ಮುಂದಿನ ಸಾಲಿನಲ್ಲಿ ಹಾಫ್‌ಬ್ಯಾಕ್ ಆಗಿ ಆಡುತ್ತಿದ್ದವರು ಮೈಸೂರು ರಾಜ್ಯದ ಕೆಂಪಯ್ಯ. ಪಂಜಾಬಿ ಹಿಂದೆ, ಕನ್ನಡಿಗ ನಡುವೆ, ಬಂಗಾಳಿ ಚುನಿ ಗೋಸ್ವಾಮಿ ಮುಂದೆ: ಒಂದು ತಂಡದೊಳಗೆ ಇಡೀ ದೇಶವೇ ಇತ್ತು.

ಇವರನ್ನು ವೃತ್ತಿಪರ ಆಟಗಾರರು ಎನ್ನಬಹುದೇ? ಕಾಗದದ ಮೇಲೆ ಎಲ್ಲರೂ ಹವ್ಯಾಸಿಗಳು. ಅನೇಕರಿಗೆ ರೈಲ್ವೆ, ಬ್ಯಾಂಕುಗಳಂಥ ಕಡೆ ನೌಕರಿ. ಆಟ ಆ ನೌಕರಿಯನ್ನು ಕೊಡಿಸುವ ಮತ್ತು ಉಳಿಸುವ ದಾರಿ. ದೇಶದಲ್ಲಿ ರಾಷ್ಟ್ರೀಯ ಲೀಗ್ ಶುರುವಾದದ್ದೇ 1996ರಲ್ಲಿ. ಆದರೆ ವರ್ಷವಿಡೀ ಆಡುವುದು, ಆಟದ ಬಲದ ಮೇಲೆಯೇ ಹೊಟ್ಟೆ ಹೊರೆಯುವುದು, ಗಾಯವಾದರೆ ಭವಿಷ್ಯವೇ ಅಲುಗಾಡುವುದು, ಇವೆಲ್ಲ ವೃತ್ತಿಯ ಲಕ್ಷಣಗಳೇ. ಹೆಸರಿಗೆ ಹವ್ಯಾಸ, ದುಡಿಮೆಯಲ್ಲಿ ವೃತ್ತಿ. ಅಂದಿನ ಆಟಗಾರರ ಪಾಡು ಇದಾಗಿತ್ತು.

ಜರ್ನೈಲ್ ಆಡುತ್ತಿದ್ದ ಸ್ಥಾನಕ್ಕೆ 'ಸ್ಟಾಪರ್' ಎಂದು ಹೆಸರು. ಇದರ ಹಿಂದೆ ಸ್ವಲ್ಪ ಇತಿಹಾಸವಿದೆ. ಹಳೆಯ ಪದ್ಧತಿಯಲ್ಲಿ ಗೋಲ್‌ಕೀಪರನ ಮುಂದೆ ಇಬ್ಬರೇ ಬ್ಯಾಕ್‌ಗಳು, ಅವರ ಮುಂದೆ ಮೂವರು ಹಾಫ್‌ಬ್ಯಾಕ್‌ಗಳು, ಮಿಕ್ಕ ಐವರು ದಾಳಿಗೆ. 1925ರಲ್ಲಿ ಆಫ್‌ಸೈಡ್ ನಿಯಮ ಬದಲಾಯಿತು. ಅಲ್ಲಿಯವರೆಗೆ ದಾಳಿಗಾರ ಮತ್ತು ಗೋಲ್ ರೇಖೆಯ ನಡುವೆ ಎದುರಾಳಿಗಳು ಮೂವರು ಇರಬೇಕಿತ್ತು. ಆಮೇಲೆ ಇಬ್ಬರಿದ್ದರೆ ಸಾಕಾಯಿತು. ಗೋಲುಗಳು ಧಾರಾಳವಾಗಿ ಬೀಳತೊಡಗಿದವು. ಅದನ್ನು ತಡೆಯಲು ಇಂಗ್ಲೆಂಡಿನಲ್ಲಿ ನಡುವಿನ ಹಾಫ್‌ಬ್ಯಾಕನ್ನು ಹಿಂದಕ್ಕೆ ಎಳೆದು ಇಬ್ಬರು ಬ್ಯಾಕ್‌ಗಳ ಮಧ್ಯೆ ನಿಲ್ಲಿಸಿದರು. ಎದುರಾಳಿಯ ಸೆಂಟರ್ ಫಾರ್ವರ್ಡ್ ಎಲ್ಲಿ ಹೋದರೂ ಅವನಿಗೆ ಅಡ್ಡ ನಿಲ್ಲುವುದೇ ಈ ಮೂರನೆಯ ಬ್ಯಾಕಿನ ಕೆಲಸ.

ಭಾರತದಲ್ಲಿ, ಅದರಲ್ಲೂ ಕಲ್ಕತ್ತದಲ್ಲಿ, ಇಬ್ಬರು ಬ್ಯಾಕ್‌ಗಳ ಹಳೆಯ ಪದ್ಧತಿ ಬಹುಕಾಲ ಉಳಿಯಿತು. ಬರಿಗಾಲಿನ ಆಟವೂ ಉಳಿಯಿತು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯದ ಎದುರು 10-1ರಿಂದ ಸೋತ ಮೇಲೆ ಕಣ್ಣು ತೆರೆಯಿತು, ಬೂಟು ಕಡ್ಡಾಯವಾಯಿತು. ಆಟದ ರೀತಿಯನ್ನೂ ಬದಲಿಸಿದ ದೊಡ್ಡ ಶ್ರೇಯಸ್ಸು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಅವರದು. ಮೂಲತಃ ಶಾಲಾ ಶಿಕ್ಷಕರಾದ ರಹೀಮ್ ಸಾಹೇಬರು 1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಚಿನ್ನ ತಂದುಕೊಟ್ಟಿದ್ದರು. 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ತಂಡವನ್ನು ನಾಲ್ಕನೆಯ ಸ್ಥಾನಕ್ಕೆ ಒಯ್ದಿದ್ದರು. ಅವರ ಹೊಸ ವ್ಯೂಹಕ್ಕೆ ನಡುವೆ ಕಂಬದಂತೆ ನಿಲ್ಲುವ ಒಬ್ಬ ಗಟ್ಟಿಗ ಬೇಕಾಗಿದ್ದ. ಆ ಜಾಗಕ್ಕೆ ಜರ್ನೈಲ್ ಬಂದರು.

ದೃಢಕಾಯ, ಹೆದರದ ಮನಸ್ಸು, ನೆಲಕ್ಕೆ ಜಾರಿ ಚೆಂಡು ಕಸಿಯುವ ನೈಪುಣ್ಯ, ಚೆಂಡು ಗಾಳಿಯಲ್ಲಿದ್ದಾಗ ತಲೆಯಿಂದ ಗೆಲ್ಲುವ ಶಕ್ತಿ ಇವು ಅವರ ಬಂಡವಾಳ. 1960ರ ರೋಮ್ ಒಲಿಂಪಿಕ್ಸಿನಲ್ಲಿ ಅದಕ್ಕೆ ಯುರೋಪಿನ ಪರೀಕ್ಷೆ ಎದುರಾಯಿತು. ಭಾರತ ಹಂಗೆರಿಗೆ 1-2ರಿಂದ ಸೋತಿತು, ಫ್ರಾನ್ಸ್ ಎದುರು 1-1ರಿಂದ ಸಮ ಮಾಡಿಕೊಂಡಿತು, ಪೆರುವಿಗೆ 1-3ರಿಂದ ಮಣಿಯಿತು. ಮುಂದಿನ ಸುತ್ತಿಗೆ ಹೋಗಲಿಲ್ಲ. ಆದರೆ ಎಂಟು ವರ್ಷಗಳ ಹಿಂದೆ ಹತ್ತು ಗೋಲು ತಿಂದ ತಂಡ ಹಂಗೆರಿಯಂಥ ದೈತ್ಯರನ್ನು ಎರಡೇ ಗೋಲಿಗೆ ತಡೆದು ನಿಲ್ಲಿಸಿತ್ತು. ಹಿಂದಿನ ಸಾಲು ಏನನ್ನು ಕಲಿತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು 1962ರ ಜಕಾರ್ತ. ಆ ಏಷ್ಯನ್ ಕ್ರೀಡಾಕೂಟ ಆರಂಭದಿಂದಲೇ ರಾಜಕೀಯದಲ್ಲಿ ಸಿಕ್ಕಿಕೊಂಡಿತ್ತು. ಆತಿಥೇಯ ಇಂಡೊನೇಷ್ಯ ಇಸ್ರೇಲ್ ಮತ್ತು ತೈವಾನ್ ಕ್ರೀಡಾಪಟುಗಳಿಗೆ ಪ್ರವೇಶ ಕೊಡಲಿಲ್ಲ. ಹಾಗಿದ್ದ ಮೇಲೆ ಇದನ್ನು ಏಷ್ಯನ್ ಕ್ರೀಡಾಕೂಟ ಎಂದು ಕರೆಯಬಾರದು ಎಂದು ಭಾರತದ ಕ್ರೀಡಾ ಆಡಳಿತಗಾರ ಜಿ.ಡಿ. ಸೋಂಧಿ ಪಟ್ಟು ಹಿಡಿದರು. ಜಕಾರ್ತದ ಜನ ಸಿಟ್ಟಿಗೆದ್ದರು. ಭಾರತದ ರಾಯಭಾರ ಕಚೇರಿಯ ಮೇಲೆ ಗುಂಪು ದಾಳಿಯಾಯಿತು. ಸೋಂಧಿಯವರ ಮಾತಿಗೆ ಬೆಲೆ ತೆರಬೇಕಾದವರು ಆಟಗಾರರು. ತಮ್ಮ ಬಸ್ಸಿನ ಮೇಲೆ ಕಲ್ಲು ಬೀಳುತ್ತಿದ್ದುದನ್ನು ಅವರು ಮುಂದೆ ನೆನಪಿಸಿಕೊಂಡಿದ್ದಾರೆ. ಪೇಟ ಕಂಡರೆ ಭಾರತೀಯರೆಂದು ಗುರುತು ಸಿಗುತ್ತದೆಂದು ಜರ್ನೈಲ್ ಮತ್ತು ತ್ರಿಲೋಕ್ ಸಿಂಗ್ ಬಸ್ಸಿನೊಳಗೆ ಕೆಳಗೆ ಕುಳಿತು ಹೋಗಬೇಕಾಯಿತಂತೆ.

ಆಟದ ಆರಂಭವೂ ಚೆನ್ನಾಗಿರಲಿಲ್ಲ. ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯದ ಎದುರು 0-2ರ ಸೋಲು. ಥಾಯ್ಲೆಂಡನ್ನು 4-1ರಿಂದ ಸೋಲಿಸಿದ ಪಂದ್ಯದಲ್ಲಿ ಜರ್ನೈಲ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ಜಪಾನನ್ನು 2-0ಯಿಂದ ಸೋಲಿಸಿ ಭಾರತ ಸೆಮಿಫೈನಲ್ ತಲುಪಿತು. ಆದರೆ ಸ್ಟಾಪರನ ತಲೆಗೆ ಬ್ಯಾಂಡೇಜ್ ಸುತ್ತಿದೆ. ಆ ಸ್ಥಾನದಲ್ಲಿ ತಲೆಯಿಂದ ಚೆಂಡನ್ನು ಎದುರಿಸುವುದು ಕ್ಷಣಕ್ಷಣದ ಕೆಲಸ. ಹೊರಗಿಡೋಣವೆಂದರೆ ಇಂಥ ಆಟಗಾರ ಮತ್ತೊಬ್ಬನಿಲ್ಲ.

ರಹೀಮ್ ಸಾಹೇಬರು ಆಗ ಮಾಡಿದ್ದು ಯಾರೂ ಊಹಿಸದ ಕೆಲಸ. ಜರ್ನೈಲ್ ಅವರನ್ನು ಹಿಂದಿನಿಂದ ತೆಗೆದು ಸೆಂಟರ್ ಫಾರ್ವರ್ಡ್ ಜಾಗದಲ್ಲಿ ನಿಲ್ಲಿಸಿದರು. ರಕ್ಷಣೆಯ ನಡುವಿನ ಹೊಣೆಯನ್ನು ಅರುಣ್ ಘೋಷ್ ಅವರಿಗೆ ಒಪ್ಪಿಸಿದರು. ಕಾಲೇಜು ದಿನಗಳಲ್ಲಿ ಮುಂದೆ ಆಡಿದ್ದ ಅಭ್ಯಾಸ ಆಗ ನೆರವಿಗೆ ಬಂತು. ಎದುರಾಳಿ ಬ್ಯಾಕ್‌ಗಳು ಹೇಗೆ ಯೋಚಿಸುತ್ತಾರೆ ಎಂಬುದು ಸ್ವತಃ ಬ್ಯಾಕ್ ಆಗಿದ್ದವನಿಗಿಂತ ಚೆನ್ನಾಗಿ ಯಾರಿಗೆ ತಿಳಿದಿರುತ್ತದೆ? ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ವಿರುದ್ಧ ಭಾರತ 3-2ರಿಂದ ಗೆದ್ದಿತು. ಚುನಿ ಗೋಸ್ವಾಮಿ ಎರಡು ಗೋಲು ಹೊಡೆದರು, ಇನ್ನೊಂದು ಜರ್ನೈಲ್ ಅವರದು.

ಫೈನಲ್ 1962ರ ಸೆಪ್ಟೆಂಬರ್ 4ರಂದು. ಎದುರಿಗೆ ಮತ್ತೆ ಅದೇ ದಕ್ಷಿಣ ಕೊರಿಯ. ಸೆನಯಾನ್ ಕ್ರೀಡಾಂಗಣದಲ್ಲಿ ತುಂಬಿದ್ದ ಭಾರಿ ಜನಸಮೂಹ ಭಾರತದ ವಿರುದ್ಧ ಕೂಗುತ್ತಿತ್ತು. ಹಾಗೆ ಕೂಗದೆ ಭಾರತವನ್ನು ಹುರಿದುಂಬಿಸಿದ ಒಂದು ಚಿಕ್ಕ ಗುಂಪಿತ್ತು ಎಂದು ಆ ತಂಡದವರೇ ಹೇಳಿದ್ದಾರೆ. ಅದು ಪಾಕಿಸ್ತಾನದ ಹಾಕಿ ತಂಡ. ಲಯಲ್‌ಪುರ ಬಿಟ್ಟು ಬಂದ ನಿರಾಶ್ರಿತ ಹುಡುಗ ಅಂದು ಆಡುತ್ತಿದ್ದಾಗ ಅವನ ಪರವಾಗಿ ಕೇಳಿಸಿದ ಧ್ವನಿ ಗಡಿಯಾಚೆಯದು. ಇತಿಹಾಸ ಕೆಲವೊಮ್ಮೆ ಹೀಗೂ ನಡೆಯುತ್ತದೆ.

ಹದಿನೇಳನೆಯ ನಿಮಿಷದಲ್ಲಿ ಪಿ.ಕೆ. ಬ್ಯಾನರ್ಜಿ ಮೊದಲ ಗೋಲು ಹೊಡೆದರು. ಮೂರು ನಿಮಿಷ ಕಳೆಯುವಷ್ಟರಲ್ಲಿ ಫಾರ್ಚುನಾಟೊ ಫ್ರಾಂಕೊ ಅವರ ಫ್ರೀ ಕಿಕ್ಕನ್ನು ಜರ್ನೈಲ್ ಗೋಲಾಗಿಸಿದರು. ತ್ರಿಲೋಕ್ ಸಿಂಗ್ ಕಾಲ್ಬೆರಳಿನ ಗಾಯದೊಂದಿಗೇ ಆಡಿದರು. ಕೊನೆಯ ನಿಮಿಷಗಳಲ್ಲಿ ಕೊರಿಯ ಒಂದು ಗೋಲು ತೀರಿಸಿದರೂ ಭಾರತ 2-1ರಿಂದ ಗೆದ್ದಿತು. ಬೆಂಚಿನಲ್ಲಿದ್ದ ರಹೀಮ್ ಸಾಹೇಬರನ್ನು ಅಷ್ಟರಲ್ಲಾಗಲೇ ಕ್ಯಾನ್ಸರ್ ಕಾಡುತ್ತಿತ್ತು. 1963ರ ಜೂನ್‌ನಲ್ಲಿ ಅವರು ತೀರಿಕೊಂಡರು. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ಆಮೇಲೆ ಭಾರತದತ್ತ ಸುಳಿದಿಲ್ಲ. 1970ರಲ್ಲಿ ಬಂದ ಕಂಚೇ ಕೊನೆಯ ಪದಕ.

ಜಕಾರ್ತದ ನಂತರವೂ ಜರ್ನೈಲ್ ತಮ್ಮ ಮೂಲ ಸ್ಥಾನಕ್ಕೇ ಮರಳಿದರು. ಅಂಥ ಎರಡು ಗೋಲು ಹೊಡೆದ ಮೇಲೆ ಮುಂದೆಯೇ ಉಳಿಯುವ ಆಸೆ ಯಾರಿಗಾದರೂ ಹುಟ್ಟಬಹುದಿತ್ತು. ಆದರೆ ತಂಡಕ್ಕೆ ಅವರು ಬೇಕಾಗಿದ್ದುದು ಹಿಂದೆ. ಮೋಹನ್ ಬಾಗಾನ್ 1963ರಿಂದ 1965ರವರೆಗೆ ಸತತ ಮೂರು ವರ್ಷ ಡ್ಯುರಾಂಡ್ ಕಪ್ ಗೆದ್ದಿತು. 1964ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂತು. 1965ರಿಂದ 1967ರವರೆಗೆ ಭಾರತ ತಂಡದ ನಾಯಕತ್ವ ಅವರದಾಗಿತ್ತು. ಇಡೀ ಏಷ್ಯಾದಿಂದ ಆಯ್ದ ತಾರಾ ತಂಡಕ್ಕೂ ಅವರು ನಾಯಕರಾದರು. ರಕ್ಷಣಾ ಆಟಗಾರನೊಬ್ಬನಿಗೆ ಖಂಡವೊಂದು ಕೊಡಬಹುದಾದ ಮನ್ನಣೆ ಇದಕ್ಕಿಂತ ಹೆಚ್ಚಿನದಿಲ್ಲ.

ಕಲ್ಕತ್ತದ ದಿನಗಳು ಮುಗಿದ ಮೇಲೆ ಜರ್ನೈಲ್ ಪಂಜಾಬಿಗೆ ಹಿಂತಿರುಗಿ ತರಬೇತಿಯ ಕೆಲಸಕ್ಕೆ ಇಳಿದರು. ಸಂತೋಷ್ ಟ್ರೋಫಿಯಲ್ಲಿ ಆಗ ಮೈಸೂರು ದೊಡ್ಡ ಶಕ್ತಿ. 1967-68 ಮತ್ತು 1968-69ರಲ್ಲಿ ಸತತವಾಗಿ ಗೆದ್ದಿತ್ತು. ಅದೇ ಮೈಸೂರನ್ನು 1970ರಲ್ಲಿ ಜಲಂಧರಿನ ಫೈನಲ್ಲಿನಲ್ಲಿ ಮಣಿಸಿ ಪಂಜಾಬ್ ಮೊದಲ ಸಲ ಆ ಟ್ರೋಫಿ ಎತ್ತಿತು. ಆ ಗೆಲುವಿನ ಹಿಂದೆ ಜರ್ನೈಲ್ ಅವರ ತರಬೇತಿ ಇತ್ತು. ನಮ್ಮ ರಾಜ್ಯ ಆ ಟ್ರೋಫಿಯನ್ನು ಮತ್ತೆ ಕೈಗೆತ್ತಿಕೊಳ್ಳಲು 2023ರ ಮಾರ್ಚ್‌ವರೆಗೆ ಕಾಯಬೇಕಾಯಿತು. ಮುಂದೆ ಜರ್ನೈಲ್ ಪಂಜಾಬ್ ಸರ್ಕಾರದ ಕ್ರೀಡಾ ಇಲಾಖೆಯಲ್ಲಿ ಅಧಿಕಾರಿಯಾಗಿ ದುಡಿದರು. 2000ದ ಅಕ್ಟೋಬರ್ 13ರಂದು ಕೆನಡದ ವ್ಯಾಂಕೂವರಿನಲ್ಲಿ ತೀರಿಕೊಂಡರು. ಹುಟ್ಟಿದ ನೆಲ ಒಂದು ದೇಶ, ಆಡಿದ ನೆಲ ಇನ್ನೊಂದು, ಕಣ್ಣು ಮುಚ್ಚಿದ್ದು ಮತ್ತೊಂದರಲ್ಲಿ. ಆ ತಲೆಮಾರಿನ ಅನೇಕ ಪಂಜಾಬಿಗಳ ಬದುಕಿನ ನಕ್ಷೆಯೂ ಇದೇ.

ರಹೀಮ್ ಸಾಹೇಬರ ಬದುಕನ್ನು ಕುರಿತು 2024ರಲ್ಲಿ 'ಮೈದಾನ್' ಎಂಬ ಹಿಂದಿ ಚಲನಚಿತ್ರ ಬಂದಾಗ ಹೊಸ ತಲೆಮಾರಿನ ಅನೇಕರು ಜರ್ನೈಲ್ ಹೆಸರನ್ನು ಮೊದಲ ಸಲ ಕೇಳಿದರು. ಅವರಿಗೂ ನೆನಪಿನಲ್ಲಿ ಉಳಿದದ್ದು ತಲೆಗೆ ಬ್ಯಾಂಡೇಜ್ ಕಟ್ಟಿಕೊಂಡು ಆಡಿದ ವೀರನೇ. ಅದು ತಪ್ಪಲ್ಲ. ಆದರೆ ಆ ಎರಡು ಗೋಲುಗಳು ಅವರ ವೃತ್ತಿಯ ಅಪವಾದ ಮಾತ್ರ. ಉಳಿದ ವರ್ಷಗಳ ತುಂಬ ಅವರು ಮಾಡಿದ್ದು ಬೇರೆ ಕೆಲಸ: ದಾರಿ ಮುಚ್ಚುವುದು, ಚೆಂಡು ಕಸಿಯುವುದು, ಮುಂದಿನವರು ನಿಶ್ಚಿಂತೆಯಿಂದ ದಾಳಿ ಮಾಡಲಿ ಎಂದು ಹಿಂದೆ ಕಾವಲು ನಿಲ್ಲುವುದು. ಚುನಿ, ಪಿ.ಕೆ., ಬಲರಾಮ್ ಎಂಬ ಮೂವರ ಆಟ ಅಷ್ಟು ಸೊಗಸಾಗಿ ಅರಳಿದ್ದಕ್ಕೆ ಆ ಕಾವಲೂ ಒಂದು ಕಾರಣ. ಗೆಲುವಿನ ಪಟ್ಟಿಯಲ್ಲಿ ಗೋಲು ಹೊಡೆದವರ ಹೆಸರು ಓದುವಾಗ, ತಡೆದವರ ಹೆಸರನ್ನೂ ಹುಡುಕುವ ಅಭ್ಯಾಸ ಕ್ರೀಡಾಭಿಮಾನಿಗಳಿಗೆ ಬಂದರೆ ಜರ್ನೈಲ್ ಸಿಂಗ್ ಅವರಂಥವರಿಗೆ ಸಲ್ಲಬೇಕಾದದ್ದು ಸಲ್ಲುತ್ತದೆ.